ಎಡಗೈ ಪರಮಶಿವಪ್ಪನ ಬ್ಯಾಂಜೋ

ಶಿಕಾರಿಪುರದ ಪೇಟೆ ಬೀದಿಯಲ್ಲಿ ವೀಳ್ಯದೆಲೆ ಮಾರುತ್ತಿದ್ದ ಪರಮಶಿವಪ್ಪನ ಎಡಗೈ ಊರಿಗೆಲ್ಲ ಗೊತ್ತಿತ್ತು. ಬಲಗೈಯನ್ನು ಯಾರೂ ಅಷ್ಟಾಗಿ ಗಮನಿಸಿರಲಿಲ್ಲ. ಅದು ಪಾಪ, ತುಂಬಿದ ಮನೆಯ ಕಿರಿಸೊಸೆಯ ಹಾಗೆ ಹೇಳಿದ್ದನ್ನಷ್ಟೇ ಮಾಡಿ, ಉಳಿದ ಹೊತ್ತು ತೊಡೆಯ ಮೇಲೆ ಸುಮ್ಮನೆ ಕೂತಿರುತ್ತಿತ್ತು. ಎಡಗೈಯ ಗತ್ತೇ ಬೇರೆ. ಒದ್ದೆ ಗೋಣಿಯ ಅಡಿಯಿಂದ ಎಲೆಯ ಕಟ್ಟು ಎಳೆಯುವುದು, ಬಾಳೆನಾರು ಬಿಚ್ಚುವುದು, ಎಲೆ ಎಣಿಸುವುದು ಎಲ್ಲವೂ ಅದರದೇ ದರ್ಬಾರು. ಎಣಿಸುವಾಗಲಂತೂ ನೋಡಬೇಕು. ಕಟ್ಟನ್ನು ಬಲಗೈಯಲ್ಲಿ ಅಡ್ಡ ಹಿಡಿದರೆ, ಎಡಗೈಯ ಹೆಬ್ಬೆರಳು ಮೇಲಿಂದ ಒಂದೊಂದೇ ಎಲೆಯನ್ನು ಪಟ್ಟನೆ ತಳ್ಳುತ್ತಿತ್ತು. ನಾಲ್ಕು ತಳ್ಳಿದ ಮೇಲೆ ಐದನೆಯದನ್ನು ಕಿರುಬೆರಳು ಕೆಳಗಿನಿಂದ ಚಕ್ಕನೆ ಮಡಿಸಿ ಗುರುತು ಮಾಡುತ್ತಿತ್ತು. ಪಟ್ ಪಟ್ ಪಟ್ ಪಟ್ ಚಕ್. ಮದುವೆಯ ಎಲೆ ಕೊಳ್ಳಲು ಬಂದವರು ಆ ಸದ್ದು ಕೇಳುತ್ತಾ ಚೌಕಾಸಿ ಮಾಡುವುದನ್ನೇ ಮರೆಯುತ್ತಿದ್ದರು.

ಆದರೆ ಎಣಿಸಿದ್ದನ್ನು ಕೊಡುವಾಗ ಮಾತ್ರ ಬಲಗೈ ಎದ್ದು ಬರಲೇಬೇಕು. ಶುಭಕಾರ್ಯದ ಎಲೆಯನ್ನು ಎಡಗೈಯಲ್ಲಿ ಯಾರು ಇಸಿದುಕೊಳ್ಳುತ್ತಾರೆ? ಚಿಕ್ಕಂದಿನಲ್ಲಿ ಅವನ ಅಪ್ಪ ಮಗನ ಎಡಗೈಯನ್ನು ಧೋತರದ ತುಂಡಿನಿಂದ ಸೊಂಟಕ್ಕೆ ಕಟ್ಟಿಹಾಕಿ ನೋಡಿದ್ದ. ಹುಡುಗ ಆ ಗಂಟನ್ನು ಎಡಗೈಯಿಂದಲೇ ಬಿಚ್ಚಿಕೊಂಡಿದ್ದ. ಕೊನೆಗೆ ಅಪ್ಪನೂ ಮಗನೂ ಒಂದು ರಾಜಿಗೆ ಬಂದರು: ಉಣ್ಣುವುದು ಮತ್ತು ಕೊಡುವುದು ಬಲಗೈಗೆ, ಮಿಕ್ಕ ಲೋಕವೆಲ್ಲ ಎಡಗೈಗೆ.

ಈ ರಾಜಿಯನ್ನು ಒಪ್ಪದವರು ಊರಿನಲ್ಲಿ ಒಬ್ಬರಿದ್ದರು, ಬೆಲ್ಲದ ವ್ಯಾಪಾರಿ ಸದಾಶಿವಪ್ಪನವರು. ಮಠದಲ್ಲಿ ಪ್ರತಿ ಸೋಮವಾರ ಸಂಜೆ ನಡೆಯುವ ಭಜನೆಗೆ ಅವರೇ ಯಜಮಾನರು, ಹಾರ್ಮೋನಿಯಂ ಕೂಡ ಅವರದೇ. ಗದ್ದುಗೆಯ ಮುಂದೆ ಒಂದು ಕೆಂಪು ಜಮಖಾನೆ ಹಾಸುತ್ತಿದ್ದರು. ವಾದ್ಯ ನುಡಿಸುವವರಿಗೆ ಜಮಖಾನೆ, ಚಪ್ಪಾಳೆ ತಟ್ಟುವವರಿಗೆ ಹಿಂದೆ ಈಚಲ ಚಾಪೆ. ಪರಮಶಿವಪ್ಪ ಹುಡುಗನಾಗಿದ್ದಾಗಿನಿಂದ ಚಾಪೆಯವನು. ಒಮ್ಮೆ ತಾಳದವನಿಗೆ ಜ್ವರ ಬಂದು, ಇವನು ಆಸೆಯಿಂದ ತಾಳ ಎತ್ತಿಕೊಂಡದ್ದುಂಟು. ಸದಾಶಿವಪ್ಪನವರು ಹಾರ್ಮೋನಿಯಂ ನಿಲ್ಲಿಸಿಬಿಟ್ಟರು.

"ಲೇ ಪರಮೇಶಿ, ದೇವರ ಮುಂದೆ ಎಡಗೈ ಮೇಲು ಮಾಡಿ ಬಡೀತೀಯಲ್ಲೋ! ಕೆಳಗಿಡು."

ಕೆಳಗಿಟ್ಟು ಚಪ್ಪಾಳೆ ತಟ್ಟತೊಡಗಿದ.

"ಚಪ್ಪಾಳೆನೂ ಎಡಚೇನೇ ನಿಂದು!" ಎಂದರು ಅವರು. ಮಠವೆಲ್ಲ ನಕ್ಕಿತು. ಅಲ್ಲಿಂದ ಮುಂದೆ ಪರಮಶಿವಪ್ಪ ಚಪ್ಪಾಳೆಯನ್ನೂ ಸದ್ದಾಗದಂತೆ ತಟ್ಟುತ್ತಿದ್ದ.

ಇದನ್ನೆಲ್ಲ ಅವನು ನುಂಗಿಕೊಂಡಾನು. ನುಂಗಲಾರದ್ದು ಒಂದೇ. ಅವನ ಹೆಂಡತಿ ವೀರಮ್ಮ ಆ ಭಜನೆಯಲ್ಲಿ ಹಾಡುತ್ತಿದ್ದಳು. ಹೆಂಗಸರ ಸಾಲಿನಿಂದ ಅವಳ ದನಿ ಎದ್ದರೆ ದೀಪದ ಕುಡಿ ಕೂಡ ಅಲುಗದೆ ನಿಂತು ಕೇಳುತ್ತದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಆ ದನಿಯ ಜೊತೆ ಹಾರ್ಮೋನಿಯಂ ಹೋಗುತ್ತಿತ್ತು, ತಬಲ ಹೋಗುತ್ತಿತ್ತು, ಬೆಲ್ಲದಂಗಡಿಯ ಗುಮಾಸ್ತನ ಗೆಜ್ಜೆಯೂ ಹೋಗುತ್ತಿತ್ತು. ಮದುವೆಯಾದ ಗಂಡ ಮಾತ್ರ ಚಾಪೆಯ ಮೇಲೆ. ಒಂದೇ ಒಂದು ಸಲ, ಆ ಜಮಖಾನೆಯ ಮೇಲೆ ಕೂತು, ವೀರಮ್ಮನ ಹಾಡಿನ ಪಕ್ಕದಲ್ಲಿ ತನ್ನದೂ ಒಂದು ಸದ್ದನ್ನು ನಡೆಸಬೇಕು. ನಲವತ್ತು ದಾಟಿದ ಮನುಷ್ಯನಿಗೆ ಇದ್ದ ಆಸೆ ಇಷ್ಟೇ.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಊರಿಗೆ ನಾಟಕದ ಕಂಪನಿಯೊಂದು ಬಂದು ಡೇರೆ ಹಾಕಿತು. ಅದರ ಮೇಳದಲ್ಲಿ ಉಜ್ಜಪ್ಪನೆಂಬ ಹಲ್ಲಿಲ್ಲದ ಮುದುಕನಿದ್ದ. ಅವನ ಹತ್ತಿರ ಊರಲ್ಲಿ ಯಾರೂ ಕಾಣದ ಬ್ಯಾಂಜೋ ಎಂಬ ವಾದ್ಯವೊಂದಿತ್ತು: ಜರಡಿಯಂಥ ದುಂಡನೆಯ ಬಳೆ, ಅದಕ್ಕೆ ಬಿಗಿದ ಚರ್ಮ, ಉದ್ದನೆಯ ಕತ್ತು, ಐದು ತಂತಿ. ಐದರಲ್ಲಿ ಒಂದು ಗಿಡ್ಡ. ಅದನ್ನು ಬಿಗಿಯುವ ಬಿರಡೆ ತುದಿಯಲ್ಲಿರದೆ ಕತ್ತಿನ ನಡುವೆ, ಒಂದು ಪಕ್ಕಕ್ಕೆ, ಮೊಳಕೆಯ ಹಾಗೆ ಚಾಚಿಕೊಂಡಿತ್ತು. ಉಜ್ಜಪ್ಪ ಹುಬ್ಬಳ್ಳಿಯಲ್ಲಿ ಹಾಲು ಮಾರುತ್ತಿದ್ದಾಗ ಗೋವೆಯ ಬ್ಯಾಂಡಿನವನೊಬ್ಬ ಬಾಕಿಗೆಂದು ಬಿಟ್ಟುಹೋದದ್ದಂತೆ. ನಾಟಕದಲ್ಲಿ ಹಾಸ್ಯಗಾರ ಒಳಗೆ ಬರುವಾಗಲೆಲ್ಲ ಉಜ್ಜಪ್ಪ ಅದನ್ನು ನುಡಿಸುತ್ತಿದ್ದ. ಬಾಣಲೆಯಲ್ಲಿ ಜೋಳದ ಅರಳು ಸಿಡಿದ ಹಾಗೆ ಸದ್ದು.

ಪರಮಶಿವಪ್ಪ ಆ ನಾಟಕವನ್ನು ಮತ್ತೆ ಮತ್ತೆ ನೋಡಿದ. ಕತೆ ಏನೆಂದು ವೀರಮ್ಮ ಕೇಳಿದರೆ, "ಯಾರೋ ರಾಜ ಅಳ್ತಾ ಇರ್ತಾನೆ. ಅವನು ಹೋದ ಮ್ಯಾಲೆ ಬ್ಯಾಂಜೋ ಬರ್ತೈತೆ" ಎಂದ.

ಉಜ್ಜಪ್ಪನಿಗೆ ಎಲೆಯ ಚಟ. ಒರಳಿನಲ್ಲಿ ಕುಟ್ಟಿಸಿಕೊಂಡು ತಿನ್ನುತ್ತಿದ್ದ. ಚಿಗುರೆಲೆ ಎಂದರೆ ಪ್ರಾಣ. ಹೀಗಾಗಿ ಗುರುಶಿಷ್ಯರಾಗುವುದಕ್ಕೆ ತಡವಾಗಲಿಲ್ಲ.

"ಇದಕ್ಕೆ ತಂತಿ ಮೀಟೋ ನಖಿ ಬ್ಯಾಡ," ಎಂದು ಉಜ್ಜಪ್ಪ ಬೆರಳು ಮಡಿಸಿ ತೋರಿಸಿದ. "ಕೋಳಿ ತಿಪ್ಪೆ ಕೆದಕ್ತೈತಲ್ಲ, ಕೈ ಹಂಗಾಗಬೇಕು. ಉಗುರಿನ ಬೆನ್ನಿಂದ ಮೇಲಿಂದ ಕೆಳಗೆ ಹೊಡಿ. ಹೊಡೆದು ಹೋಗ್ತಾ ಹೆಬ್ಬೆಟ್ಟು ಗಿಡ್ಡ ತಂತಿ ಮ್ಯಾಲೆ ಬಿದ್ದು ಏಳಬೇಕು. ಕೆದಕು, ಟಿಂಗ್! ಕೆದಕು, ಟಿಂಗ್!"

ಪರಮಶಿವಪ್ಪ ವಾದ್ಯವನ್ನು ತನಗೆ ಸಲೀಸಾಗುವಂತೆ ತಿರುಗಿಸಿ ಹಿಡಿದ. ಕತ್ತು ಬಲಕ್ಕೆ, ಕೆದಕುವುದು ಎಡಗೈ. ಹಾಗೆ ತಿರುಗಿಸಿದೊಡನೆ ಗಿಡ್ಡ ತಂತಿ ಹೆಬ್ಬೆಟ್ಟಿನ ಹತ್ತಿರ ಇರುವುದನ್ನು ಬಿಟ್ಟು ಕೆಳಗೆ, ನೆಲದ ಕಡೆಗೆ ಹೋಗಿಬಿಟ್ಟಿತು. ಹೆಬ್ಬೆಟ್ಟು ಗಾಳಿಯಲ್ಲಿ ಟಿಂಗ್ ಎಂದಿತು, ಸದ್ದಿಲ್ಲದೆ.

"ನೀ ಎಡಚನೇನೋ!" ಉಜ್ಜಪ್ಪ ಕುಟ್ಟಿದ ಎಲೆಯನ್ನು ನುಂಗಿಯೇಬಿಟ್ಟ. "ಮೊದಲೇ ಹೇಳಬಾರದಾ? ನಿನಗೆ ಬೇರೇನೇ ಬೇಕು. ಕಲಿಯೋರಿಗೆ ಹಗುರ ಇರಬೇಕು, ಕತ್ತು ಸಣ್ಣಗಿರಬೇಕು, ಗಿಡ್ಡ ತಂತಿ ಈ ಕಡೆ ಬಿಟ್ಟು ಆ ಕಡೆ ಇರಬೇಕು."

"ಅಂಥದ್ದು ಎಲ್ಲಿ ಸಿಗ್ತೈತೆ?"

"ಸಿಗಾಕಿಲ್ಲ," ಎಂದ ಉಜ್ಜಪ್ಪ, ಪ್ರೀತಿಯಿಂದ.

ಆದರೂ ಪರಮಶಿವಪ್ಪ ಶಿವಮೊಗ್ಗೆಗೆ ಹೋಗಿ ಬಂದ. ಅಲ್ಲಿನ ಅಂಗಡಿಯಲ್ಲಿ ಬ್ಯಾಂಜೋ ಕೇಳಿದರೆ, ಟೈಪು ಹೊಡೆಯುವ ಯಂತ್ರದ ಹಾಗೆ ಸಾಲಾಗಿ ಗುಂಡಿಗಳಿದ್ದ ಪೆಟ್ಟಿಗೆಯೊಂದನ್ನು ಮುಂದಿಟ್ಟರು. ಎಡಗೈಯಲ್ಲಿ ಗುಂಡಿ ಒತ್ತಬೇಕು, ಬಲಗೈಯಲ್ಲಿ ತಂತಿ ಮೀಟಬೇಕು. ಇವನು ಪೆಟ್ಟಿಗೆಯನ್ನು ತಿರುಗಿಸಿ ಇಟ್ಟುಕೊಂಡ. ಗುಂಡಿಗಳೆಲ್ಲ ಎದುರಿಗೆ ಕೂತ ಅಂಗಡಿಯವನ ಕಡೆಗೆ ಹೋದವು. ಅಂಗಡಿಯವನು ಒಳ್ಳೆಯ ಮನುಷ್ಯ. "ಅದಕ್ಕೇನ್ರೀ, ನೀವು ಮೀಟಿ, ನಾನು ಒತ್ತುತೀನಿ" ಎಂದ. ಇಬ್ಬರೂ ಎದುರುಬದುರು ಕೂತು ಒಂದು ಪದವನ್ನು ಬಹಳ ಚೆನ್ನಾಗಿ ನುಡಿಸಿದರು. ಬೀದಿಯಲ್ಲಿ ಜನ ನಿಂತು ಕೇಳಿದರು.

"ಭೇಷಾಗೈತೆ," ಎಂದ ಪರಮಶಿವಪ್ಪ ಏಳುತ್ತಾ. "ಆದರೆ ಇದರ ಜೊತೀಗೆ ನಿಮ್ಮನ್ನೂ ಕಟ್ಟಿಸಿಕೊಂಡು ಹೋಗಬೇಕಾಗ್ತೈತಲ್ರೀ."

ಬರಿಗೈಯಲ್ಲಿ ಬಂದವನಿಗೆ ವೀರಮ್ಮನೇ ದಾರಿ ತೋರಿಸಿದಳು. "ಸೊರಬದಾಗೆ ಗುಡಿಗಾರರು ಅದಾರಲ್ರೀ. ಗಂಧದಾಗೆ ಆನೆ ಕೆತ್ತೋರಿಗೆ ಒಂದು ಜರಡಿಗೆ ಕೋಲು ಕಟ್ಟಾಕೆ ಬರಾಕಿಲ್ವಾ?"

ಹೋಗುವ ಮೊದಲು ಉಜ್ಜಪ್ಪನ ಬ್ಯಾಂಜೋವನ್ನು ಗೋಡೆಗೆ ಒರಗಿಸಿ, ಎಲೆ ಕಟ್ಟುವ ಬಾಳೆನಾರಿನಿಂದ ಉದ್ದ ಅಗಲ ಅಳೆದು ಗಂಟು ಹಾಕಿಕೊಂಡ. ಎದುರಿಗೆ ನಿಂತು ನೋಡಿದರೆ ಗಿಡ್ಡ ತಂತಿಯ ಬಿರಡೆ ಎಡಕ್ಕಿತ್ತು. "ನಿಂದು ಬಲಕ್ಕೆ ಬರಬೇಕು. ಬಲಕ್ಕೆ ಅನ್ನು, ಮರೀಬ್ಯಾಡ," ಎಂದ ಉಜ್ಜಪ್ಪ. ಪರಮಶಿವಪ್ಪ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗಲೂ "ಬಲಕ್ಕೆ, ಬಲಕ್ಕೆ" ಎಂದು ಜಪಿಸುತ್ತಿದ್ದುದನ್ನು ಕೇಳಿ ಡ್ರೈವರ್ ಎರಡು ಸಲ ಹಿಂದಿರುಗಿ ನೋಡಿದ.

ಸೊರಬದ ಗುಡಿಗಾರ ಚೌಡಪ್ಪ ನಾರಿನ ಗಂಟುಗಳನ್ನು ಬೆಳಕಿಗೆ ಹಿಡಿದು ನೋಡಿದ. ತಲೆಮಾರುಗಳಿಂದ ದೇವರನ್ನು ಕೆತ್ತಿದ ಮನೆತನ. ಅವನ ಕೈಗೆ ಏನು ಕೊಟ್ಟರೂ ದೇವರಾಗಿಯೇ ಕಾಣುತ್ತಿತ್ತು.

"ತಲೆ ಉಂಟು, ಕತ್ತು ಉಂಟು, ಹೊಟ್ಟೆ ಉಂಟು," ಎಂದ. "ಮೂರ್ತಿಯೇ ಆಯ್ತಲ್ಲ ಮಾರಾಯ್ರೆ. ತಲೆ ಬೋಳಾಗಿ ಬಿಟ್ಟರೆ ಚಂದ ಅಲ್ಲ. ಭಜನೆಗೆ ಅಂತೀರಿ, ಒಂದು ಬಸವಣ್ಣನ ಮುಖ ಕೂರಿಸ್ತೇನೆ. ಕತ್ತಿಗೆ ಶಿವನೆ ಮರ, ಹಗುರ ಆಗ್ತದೆ. ಹೊಟ್ಟೆಗೆ ಭತ್ತ ಅಳೆಯೋ ಹಳೇ ಕೊಳಗ ಒಂದು ಉಂಟು, ಅದರ ಬಳೆ ಸಾಕು."

"ಏನಾರ ಮಾಡ್ರೀ. ಗಿಡ್ಡ ತಂತಿ ಮಾತ್ರ ಬಲಕ್ಕೆ."

"ಬಲಕ್ಕೆ. ಆಯ್ತು."

"ಬಲಕ್ಕೇ, ಹಾಂ?"

"ಎಷ್ಟು ಸಲ ಹೇಳ್ತೀರಿ ಮಾರಾಯ್ರೆ! ನನಗೆ ಬಲ ಎಡ ಗೊತ್ತಿಲ್ಲದಿದ್ದರೆ ಇಷ್ಟು ಹೊತ್ತಿಗೆ ಗಣಪತಿಯ ಸೊಂಡಿಲು ಎಲ್ಲೆಲ್ಲಿಗೋ ಹೋಗ್ತಿತ್ತು."

ಇತ್ತ ಶಿಕಾರಿಪುರದಲ್ಲಿ ಸುದ್ದಿ ಸದಾಶಿವಪ್ಪನವರನ್ನು ಮುಟ್ಟಿತ್ತು. ಎಲೆ ಕೊಳ್ಳುವ ನೆಪದಲ್ಲಿ ಅಂಗಡಿಯ ಮುಂದೆ ನಿಂತು, "ಏನೋ ಮಾಡಿಸ್ತಿದೀಯಂತೆ?" ಎಂದರು.

"ಹೌದ್ರೀ. ಶ್ರಾವಣದ ಕಡೇ ಸೋಮವಾರದ ಹೊತ್ತಿಗೆ ಬರ್ತೈತೆ. ಜಮಖಾನೆ ಮ್ಯಾಲೆ ಒಂದೀಟು ಜಾಗ..."

"ಬಲಗೈ ವಾದ್ಯ ಆದರೆ ತಾ. ಎಡಗೈ ವಾದ್ಯ ಆದರೆ ಮಠದ ಹೊಸಿಲು ದಾಟಬಾರದು. ನಾನೇ ನಿಂತು ಪರೀಕ್ಷೆ ಮಾಡ್ತೀನಿ."

ಪರಮಶಿವಪ್ಪನ ಎಡಗೈ ಎಲೆ ಎಣಿಸುವುದನ್ನು ನಿಲ್ಲಿಸಿತು. ಮಾಡಿಸುತ್ತಿರುವುದು ಅಪ್ಪಟ ಎಡಗೈ ವಾದ್ಯ. ತಂದರೆ ಹೊಸಿಲಾಚೆ, ತರದಿದ್ದರೆ ಚಾಪೆ. ಅಂದು ಅವನು ಒಂದು ಕಟ್ಟು ಎಲೆಯನ್ನು ತಪ್ಪು ಎಣಿಸಿದ. ಕೊಂಡವರೇ ಬಂದು ಹಿಂದಿರುಗಿಸಿ, ಮೈ ಹುಷಾರಿದೆಯೇ ಎಂದು ವಿಚಾರಿಸಿಕೊಂಡು ಹೋದರು.

ಬ್ಯಾಂಜೋ ತಯಾರಾಗಿದೆ ಎಂದು ಸೊರಬದಿಂದ ಹೇಳಿಕಳಿಸಿದರು. ಹೋಗಿ ನೋಡಿದರೆ ಕಣ್ಣು ತುಂಬುವಂತಿತ್ತು. ತುದಿಯಲ್ಲಿ ಪುಟ್ಟ ಬಸವಣ್ಣ, ಕೊಂಬು ಎರಡು, ಕತ್ತಿನುದ್ದಕ್ಕೂ ಗಂಟೆಸರ, ಬೆನ್ನ ಮೇಲೆ ಬಳ್ಳಿ. ಪರಮಶಿವಪ್ಪ ಅದನ್ನು ಕೂಸಿನಂತೆ ಎತ್ತಿಕೊಂಡ. ಎತ್ತಿಕೊಂಡವನು ಹಾಗೇ ನಿಂತ. ಗಿಡ್ಡ ತಂತಿಯ ಬಿರಡೆ ಎಡಕ್ಕಿತ್ತು, ಉಜ್ಜಪ್ಪನ ಬ್ಯಾಂಜೋದಲ್ಲಿ ಇದ್ದಂತೆಯೇ.

"ಚೌಡಪ್ಪನೋರೆ, ಬಲಕ್ಕೆ ಅಂದಿದ್ದೆನಲ್ರೀ!"

"ಬಲಕ್ಕೇ ಉಂಟಲ್ಲ," ಎಂದ ಚೌಡಪ್ಪ, ಅಷ್ಟೇ ಆಶ್ಚರ್ಯದಿಂದ. "ಬಸವಣ್ಣನ ಮುಖ ನೋಡಿ. ಅವನ ಬಲಗಡೆ ಯಾವುದು? ಇದು. ಬಿರಡೆ ಎಲ್ಲುಂಟು? ಇಲ್ಲಿ."

"ಅವನ ಬಲ ಅಲ್ರೀ, ನನ್ನ ಬಲ!"

ಚೌಡಪ್ಪ ಉಳಿಯನ್ನು ಕೆಳಗಿಟ್ಟ. "ನಮ್ಮಲ್ಲಿ ಬಲ ಅಂದರೆ ಮೂರ್ತಿಯ ಬಲ ಮಾರಾಯ್ರೆ. ಲಕ್ಷ್ಮಿ ಬಲಗೈಯಲ್ಲಿ ಅಭಯ ಕೊಡಬೇಕು ಅಂದರೆ ಅವಳ ಬಲಗೈ. ನೋಡೋಕೆ ಬರೋರ ಬಲ ಹಿಡಿದು ಕೆತ್ತಿದರೆ, ಸೊರಬದ ದೇವರೆಲ್ಲ ನಿಮ್ಮ ಹಾಗೆ ಎಡಚರಾಗ್ತಿದ್ದರು."

ಪರಮಶಿವಪ್ಪ ದುಡ್ಡು ಕೊಟ್ಟು ಹೊರಟ. ಬಸ್ಸಿನಲ್ಲಿ ಬಸವಣ್ಣನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಿಟಕಿಯಾಚೆ ಗದ್ದೆಗಳನ್ನು ನೋಡುತ್ತಾ ಬಂದ. ಬಸವಣ್ಣನೂ ನೋಡುತ್ತಾ ಬಂದ, ಇನ್ನೊಂದು ಬದಿಯ ಗದ್ದೆಗಳನ್ನು.

ಮನೆಯಲ್ಲಿ ವೀರಮ್ಮ ವಾದ್ಯವನ್ನು ತಿರುಗಿಸಿ ಮುರುಗಿಸಿ ನೋಡಿ, "ಚಂದಾಗೈತೆ. ಭಜನೆಗೆ ಬರದಿದ್ದರೆ ಭತ್ತ ಅಳೀಬಹುದು" ಎಂದಳು. ಅವನು ನಗಲಿಲ್ಲ. ಅವಳಿಗೆ ಕೆಡುಕೆನಿಸಿತು. ಮರುದಿನ ಮಧ್ಯಾಹ್ನ ಬುತ್ತಿ ತಂದವಳು ಅಂಗಡಿಯಲ್ಲೇ ಕೂತು, ಅವನ ಮನಸ್ಸು ಹಗುರಾಗಲೆಂದು ಸಣ್ಣಗೆ ಒಂದು ಪದ ಗುನುಗತೊಡಗಿದಳು. ಅವನು ಸಪ್ಪೆ ಮುಖ ಹೊತ್ತು ಎಲೆ ಎಣಿಸುತ್ತಿದ್ದ. ಪಟ್ ಪಟ್ ಪಟ್ ಪಟ್ ಚಕ್. ಸ್ವಲ್ಪ ಹೊತ್ತಿನಲ್ಲಿ ಅವಳ ಪದ ಎಲೆಯ ಹಿಂದೆ ನಡೆಯತೊಡಗಿತು. ಎಲೆ ನಿಂತರೆ ಪದವೂ ನಿಂತಿತು.

"ರೀ," ಎಂದಳು ವೀರಮ್ಮ, ಅವನ ಕೈಯನ್ನೇ ದಿಟ್ಟಿಸುತ್ತಾ. "ಆ ಚಕ್ ಅನ್ನೋದು ಯಾವ ಬೆರಳು?"

"ಕಿರುಬೆರಳು. ಯಾಕೆ?"

"ಅದು ಕೆಳಗೇ ಐತಲ್ರೀ. ನಿಮ್ಮ ಗಿಡ್ಡ ತಂತಿನೂ ಕೆಳಗೇ ಹೋಗಿ ಕೂತೈತೆ ಅಂತೀರಿ. ಹೆಬ್ಬೆಟ್ಟಿಗೆ ಸಿಗದಿದ್ದರೆ ಕಿರುಬೆರಳಿಗೆ ಕೊಡಿ. ಅದಕ್ಕೇನು ಗಿಡ್ಡ ಅಂತ ಬೇಜಾರಾ?"

ಪರಮಶಿವಪ್ಪ ಅಂಗಡಿಯ ಮೇಲೆ ಗೋಣಿ ಎಳೆದು ಮನೆಗೆ ಓಡಿದ. ಬ್ಯಾಂಜೋದ ಕತ್ತನ್ನು ಬಲಕ್ಕೆ ತಿರುಗಿಸಿ ಹಿಡಿದು, ತಂತಿಗಳನ್ನು ಎಲೆಯೆಂದೇ ತಿಳಿದು ಎಣಿಸಿದ. ಹೆಬ್ಬೆರಳು ಮೇಲಿಂದ ನಾಲ್ಕು ಸಲ ಇಳಿಯಿತು, ಕಿರುಬೆರಳು ಕೆಳಗಿನಿಂದ ಚಕ್ಕನೆ ಎತ್ತಿತು. ಟಿಂಗ್! ಮನೆಯ ಬೆಕ್ಕು ಅಟ್ಟ ಹತ್ತಿತು. ಅವನು ಇನ್ನೊಮ್ಮೆ ಎಣಿಸಿದ. ಸಂಜೆಯವರೆಗೆ ಎಣಿಸುತ್ತಲೇ ಇದ್ದ. ಕಲಿಸಲು ಬಂದ ಉಜ್ಜಪ್ಪ ಬಾಗಿಲಲ್ಲೇ ನಿಂತು, "ಇದು ಕೋಳಿ ಅಲ್ಲ, ಯಾವ ಹಕ್ಕಿ ಅಂತ ನನಗೂ ಗೊತ್ತಿಲ್ಲ. ಆದರೆ ಕೆದಕ್ತೈತೆ" ಎಂದು ಹರಸಿದ.

ಶ್ರಾವಣದ ಕಡೆಯ ಸೋಮವಾರ ಬಂತು. ಮಠದ ಹೊಸಿಲಿನಲ್ಲಿ ಸದಾಶಿವಪ್ಪನವರು ಕನ್ನಡಕ ಏರಿಸಿಕೊಂಡು ನಿಂತಿದ್ದರು. ಪಕ್ಕದಲ್ಲಿ ಉಜ್ಜಪ್ಪ ತನ್ನ ಬ್ಯಾಂಜೋ ಹಿಡಿದು ಸಾಕ್ಷಿಗೆ ಬಂದಿದ್ದ. ಎರಡನ್ನೂ ಜೊತೆಗೆ ನಿಲ್ಲಿಸಿ ನೋಡಿದರು. ಬಿರಡೆ ಅಲ್ಲೂ ಎಡಕ್ಕೆ, ಇಲ್ಲೂ ಎಡಕ್ಕೆ.

"ಉಜ್ಜಪ್ಪ, ನಿಂದು ಬಲಗೈ ವಾದ್ಯ ತಾನೇ?"

"ಹುಟ್ಟಾ ಬಲಗೈದು."

"ಹಾಗಾದರೆ ಇದೂ ಬಲಗೈದೇ!" ಸದಾಶಿವಪ್ಪನವರ ಮುಖ ಅರಳಿತು. ಬಸವಣ್ಣನಿಗೆ ಕೈಮುಗಿದು, ಪರಮಶಿವಪ್ಪನ ಬೆನ್ನು ತಟ್ಟಿದರು. "ಕಡೆಗೂ ದಾರಿಗೆ ಬಂದೆಯಲ್ಲೋ. ಬಾ, ನನ್ನ ಪಕ್ಕದಾಗೇ ಕೂರು."

ಪರಮಶಿವಪ್ಪ ಜಮಖಾನೆಯ ಮೇಲೆ ಕೂತ. ಅದು ಇಷ್ಟು ಮೆತ್ತಗಿರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೆಂಗಸರ ಸಾಲಿನಿಂದ ವೀರಮ್ಮ ಒಮ್ಮೆ ಅವನತ್ತ ನೋಡಿ ಸೆರಗು ಸರಿಮಾಡಿಕೊಂಡು ಪದ ಎತ್ತಿದಳು. ಸದಾಶಿವಪ್ಪನವರು ಕಣ್ಣು ಮುಚ್ಚಿ ಹಾರ್ಮೋನಿಯಂ ಮೇಲೆ ಬೆರಳಾಡಿಸಿದರು. ಆಗ ಪರಮಶಿವಪ್ಪ ಬ್ಯಾಂಜೋವನ್ನು ತಿರುಗಿಸಿ ಹಿಡಿದು ಎಣಿಸಲು ಶುರುಮಾಡಿದ.

ಮೊದಲ ಸಾಲು ಭಕ್ತಿಯಿಂದಲೇ ಹೋಯಿತು. ಆದರೆ ಎಲೆ ಎಣಿಸುವ ಕೈಗೆ ನಿಧಾನವೆಂಬುದು ಗೊತ್ತಿಲ್ಲ. ಎರಡನೆಯ ಸಾಲಿಗೆ ತಬಲದವನು ತೋಳು ಮೇಲೇರಿಸಿಕೊಂಡ. ಮೂರನೆಯದಕ್ಕೆ ಗುಮಾಸ್ತನ ಗೆಜ್ಜೆಯ ಒಂದು ಮಣಿ ಹಾರಿ ಹೂವಿನ ತಟ್ಟೆಗೆ ಬಿತ್ತು. ಸದಾಶಿವಪ್ಪನವರು ಬೆವರುತ್ತಾ ಗಾಳಿ ಒತ್ತುತ್ತಿದ್ದರು. ಅವರಿಗೆ ಪಕ್ಕದಿಂದ ಇನ್ನೊಂದು ಕಾಟ ಬೇರೆ. ಬ್ಯಾಂಜೋದ ಕತ್ತು ಬಲಕ್ಕೆ ಚಾಚಿದ್ದರಿಂದ, ಪರಮಶಿವಪ್ಪ ತೂಗಿದಾಗಲೆಲ್ಲ ಬಸವಣ್ಣ ಅವರ ಕಿವಿಗೆ ಕೊಂಬಿನಿಂದ ತಿವಿಯುತ್ತಿದ್ದ. ದೇವರೇ ಏನೋ ಹೇಳುತ್ತಿರಬೇಕೆಂದು ಅವರು ಕಣ್ಣು ತೆರೆಯದೆ ತಲೆಯಾಡಿಸಿದರು. ವೀರಮ್ಮ ಮಾತ್ರ ಒಂದಿಷ್ಟೂ ಕಂಗೆಡಲಿಲ್ಲ. ಇಷ್ಟು ವರ್ಷ ಆ ಕೈಯ ಜೊತೆ ಬಾಳಿದವಳು. ಅದು ಓಡಿದರೆ ಓಡುತ್ತಾ, ತಡವರಿಸಿದರೆ ಕಾದು ನಿಲ್ಲುತ್ತಾ, ಅವಳ ದನಿ ಮಳೆ ಬಿಟ್ಟ ಮೇಲಿನ ಕಾಲುವೆಯಂತೆ ಹರಿಯಿತು. ಚಾಪೆಯವರು ಚಪ್ಪಾಳೆ ತಟ್ಟುವುದನ್ನು ಬಿಟ್ಟು ಬಾಯಿ ತೆರೆದು ಕೂತರು. ಪೂಜೆಯ ಅಯ್ಯನವರು ಪದದ ಕೊನೆಗೆ ಒಡೆಯಬೇಕಾದ ತೆಂಗಿನಕಾಯಿ ಹುಡುಕುವಷ್ಟರಲ್ಲಿ ಪದ ಮುಗಿದೇಹೋಯಿತು.

ಸದಾಶಿವಪ್ಪನವರು ಕಣ್ಣು ತೆರೆದರು. ಮೊದಲು ಕಂಡದ್ದು ಕಿವಿಯ ಬಳಿ ಬಸವಣ್ಣ. ಆಮೇಲೆ ಕಂಡದ್ದು ತಂತಿಯ ಮೇಲಿದ್ದ ಕೈ.

"ಎಡಗೈ!" ಎಂದು ಕೂಗಿದರು. "ಗದ್ದುಗೆ ಮುಂದೆ ಎಡಗೈ ಆಡಿಸಿದೆಯಲ್ಲೋ! ಏಳು, ಏಳು ಜಮಖಾನೆಯಿಂದ!"

ಪರಮಶಿವಪ್ಪ ಏಳಲು ಹೊರಟ. ಅಭ್ಯಾಸ ಬಲ, ಚಾಪೆಯ ಕಡೆಗೆ ಕಾಲುಗಳು ತಾವೇ ತಿರುಗಿದವು.

"ಕೂತ್ಕೊಳ್ರೀ," ಎಂದಳು ವೀರಮ್ಮ. ಹೆಂಗಸರ ಸಾಲಿನಿಂದ ಹಾಡಲ್ಲದ ಮಾತು ಆ ಮಠದಲ್ಲಿ ಎದ್ದದ್ದು ಅದೇ ಮೊದಲು. "ಯಜಮಾನ್ರೇ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಬೆಳಗ್ಗೆ ಲಿಂಗಪೂಜೆ ಮಾಡ್ತೀರಲ್ಲ, ಲಿಂಗ ಇಟ್ಟುಕೊಳ್ಳೋದು ಯಾವ ಅಂಗೈ ಮ್ಯಾಲೆ?"

ಸದಾಶಿವಪ್ಪನವರು ಉತ್ತರಿಸಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಎಡಗೈ, ದಿನಾ ಬೆಳಗಿನ ಅಭ್ಯಾಸದಂತೆ, ತಾನೇ ಎದೆಯ ಮುಂದೆ ಬಂದು ಅಂಗೈ ಬಿಚ್ಚಿ ನಿಂತಿತು. ಅವರು ಅದನ್ನೇ ನೋಡಿದರು. ತಬಲದವನು ತನ್ನದನ್ನು ನೋಡಿಕೊಂಡ. ಗುಮಾಸ್ತ ನೋಡಿಕೊಂಡ. ಚಾಪೆಯ ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ಎಡಗೈ ಬಿಚ್ಚಿ ದೀಪದ ಬೆಳಕಿಗೆ ಹಿಡಿದು, ಹೊಸದಾಗಿ ಕೊಂಡ ಪಾತ್ರೆಯ ಹಾಗೆ ತಿರುಗಿಸಿ ನೋಡಿಕೊಂಡರು. ಉಜ್ಜಪ್ಪನ ಬೊಚ್ಚುಬಾಯಿಯಿಂದ ಕಿಸಕ್ಕೆಂದು ಏನೋ ಹೊರಟಿತು.

"ಅದು... ಅದು ಬೇರೆ," ಎಂದರು ಸದಾಶಿವಪ್ಪನವರು. ಬಿಚ್ಚಿದ ಅಂಗೈಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. "ಆಯ್ತು, ಕೂರಲಿ. ಆದರೆ ನನ್ನ ಪಕ್ಕ ಬ್ಯಾಡ. ಕಿವಿ ಹರಿದುಹೋಗ್ತೈತೆ. ಜಮಖಾನೆಯ ಬಲತುದಿಗೆ ಹೋಗಿ ಕೂರು. ಕೊಂಬು ಗೋಡೆಗೆ ತಿವೀಲಿ."

ಪರಮಶಿವಪ್ಪ ಎದ್ದು ಬ್ಯಾಂಜೋವನ್ನು ಎದೆಗವಚಿಕೊಂಡ. ಒಂದು ಹೆಜ್ಜೆ ಇಟ್ಟವನು ನಿಂತ. ಸೊರಬದಲ್ಲಿ ಕಲಿತ ಪಾಠ ಅವನಿಗೆ ಮರೆತಿರಲಿಲ್ಲ.

"ಯಾರ ಬಲಕ್ಕೆ ರೀ?" ಎಂದು ಬಹಳ ವಿನಯದಿಂದ ಕೇಳಿದ. "ನಮ್ಮದೋ, ಗದ್ದುಗೆದೋ?"

ಬಲಗೈ ಹಾರ್ಮೋನಿಯಂ ಮೇಲಿದ್ದ ಸದಾಶಿವಪ್ಪನವರು, ಸಿಟ್ಟಿನಲ್ಲಿ, ಬಿಡುವಾಗಿದ್ದ ಇನ್ನೊಂದು ಕೈಯನ್ನು ಎತ್ತಿ ಜಾಗ ತೋರಿಸಿದರು.